ಬಾಣಂತಿಯ ಬಿಸಿ ಮೈ

ಆಸ್ಪತ್ರೆಯಿಂದ ಮನೆಗೆ ಬಂದ ವಾರದೊಳಗೆ ನನ್ನ ಮಗಳು ಸುಮಾ ಕೋಣೆಯ ಮೂಲೆಗೆ ಬೆರಳು ತೋರಿಸಿದಳು.

“ಅವ್ವಾ, ಅಲ್ಲಿ ಕೂದಲಾ ಬಿಟಗೊಂಡು ಕುಂತಾಕಿ ಯಾರು?”

ಮೂಲೆಯಲ್ಲಿ ಯಾರೂ ಇರಲಿಲ್ಲ.

ನಾನು ನಾಲ್ಕನೇ ಇಯತ್ತೆ ಓದಿದವಳು. ಮೊಮ್ಮಗಳ ಮುಖ ನೋಡಲು ಹುಬ್ಬಳ್ಳಿಯಿಂದ ಕುಣಿಯುತ್ತ ಅಮೆರಿಕದ ಬೆರ್ರಿಯೆಸಾಕ್ಕೆ ಬಂದವಳು. ದೃಷ್ಟಿಯಾಗಿದೆ ಎಂದು ಉಪ್ಪು, ಮೆಣಸಿನಕಾಯಿ ನಿವಾಳಿಸಿದೆ. ಪಕ್ಕದ ಅಪಾರ್ಟ್‌ಮೆಂಟಿನ ಚೀನೀ ಅಜ್ಜಿ ನನಗೆ ಜೊತೆ. ಅವಳ ಸೊಸೆಯೂ ಹಸಿ ಬಾಣಂತಿ. ಅವರಲ್ಲೂ ತಿಂಗಳು ಪೂರ್ತಿ ಹೊಸಿಲು ದಾಟುವಂತಿಲ್ಲ, ಗಾಳಿ ಸೋಕುವಂತಿಲ್ಲ, ತಣ್ಣೀರು ಮುಟ್ಟುವಂತಿಲ್ಲ. ತಲೆಸ್ನಾನವೊಂದರಲ್ಲೇ ನಮ್ಮಿಬ್ಬರ ಜಗಳ; ಅವರಲ್ಲಿ ಬಾಣಂತಿಯ ತಲೆಗೆ ನೀರೇ ಹಾಕುವಂತಿಲ್ಲ. ನಾನು ಸುಮಾಳ ನೆತ್ತಿಗೆ ಬಿಸಿನೀರು ಸುರಿದರೆ ಅಜ್ಜಿ ತನ್ನ ತಲೆ ಹಿಡಿದುಕೊಂಡು ಕೂಗುತ್ತಿದ್ದಳು! ಭಾಷೆ ಬಾರದಿದ್ದರೂ ಅವಳು ಶುಂಠಿ ಕಷಾಯ ತರುವಳು, ನಾನು ಅಂಟಿನುಂಡೆ ಕೊಡುವೆ. ಇಬ್ಬರೂ ಸೇರಿ ಕಿಟಕಿಯ ಸಂದಿಗೆಲ್ಲ ಬಟ್ಟೆ ತುರುಕಿದೆವು. ಸುಮಾಗೆ ಸ್ವೆಟರಿನ ಮೇಲೆ ಸ್ವೆಟರು, ಟೋಪಿ, ಉಣ್ಣೆಯ ಕಾಲುಚೀಲ. ಹೀಟರು ಉರಿಯುತ್ತಲೇ ಇತ್ತು.

ಮೈ ಮುಟ್ಟಿದರೆ ಕಾದ ಹಂಚು. ನಮಗೆ ಹೆಮ್ಮೆ, ಬಾಣಂತಿ ಬೆಚ್ಚಗಿದ್ದಾಳೆಂದು.

ಸುಮಾ ಮೂಲೆಯವಳೊಡನೆ ಪಿಸುಗುಡತೊಡಗಿದಳು. ನಗುತ್ತಿದ್ದಳು. ಕೂಸು ಕೂಡ ರೆಪ್ಪೆ ಬಡಿಯದೆ ಅತ್ತಲೇ ನೋಡುತ್ತಿತ್ತು. ಕೂಸನ್ನು ಮಡಿಲಿಗಿಟ್ಟರೆ ದೂಡಿದಳು.

“ಇದು ನಂದಲ್ಲ. ಆಕೀದು. ಆಕಿಗೇ ಕೊಟ್ಟಬಿಡು.”

ಕಷಾಯ ತಂದಿದ್ದ ಚೀನೀ ಅಜ್ಜಿಗೆ ಒಂದು ಮಾತೂ ತಿಳಿಯಲಿಲ್ಲ. ಸುಮಾಳ ಕಣ್ಣು ನೋಡಿದಳು. ಕಾಲುಚೀಲ ಎಳೆದು ಪಾದ ಮುಟ್ಟಿದಳು. ನನ್ನ ಕೈ ಹಿಡಿದು ನನಗೂ ಮುಟ್ಟಿಸಿದಳು.

ಪಾದ ಹೆಣದ ಹಾಗೆ ತಣ್ಣಗಿತ್ತು.

ಅವಳೇ ಸಂದಿಯ ಬಟ್ಟೆ ಕಿತ್ತೆಸೆದು ಕಿಟಕಿ ತೆರೆದಳು. ಸುಮಾಳ ಸ್ವೆಟರು ಬಿಚ್ಚತೊಡಗಿದಳು. ನಾನು ಅಳಿಯನ ಆಫೀಸಿಗೆ ಫೋನು ಮಾಡಿದೆ. ಅವನು ಓಡಿ ಬಂದು ಆಸ್ಪತ್ರೆಗೆ ಒಯ್ದ.

ಗರ್ಭಕೋಶದಲ್ಲಿ ಇನ್‌ಫೆಕ್ಷನ್, ಜ್ವರ ನೆತ್ತಿಗೇರಿದೆ ಎಂದರು ಡಾಕ್ಟರು. “ಜ್ವರದಾಗ ಹಂಗೆಲ್ಲಾ ಕಾಣತದಂತ, ಅತ್ತಿ. ಇನ್ನಷ್ಟು ತಡಾ ಆಗಿದ್ರ...” ಎಂದ ಅಳಿಯ. ನಾವು ಹೊದಿಸಿದ ಬಿಸಿಯೊಳಗೆ ಆ ಜ್ವರ ಅಡಗಿ ಕೂತಿತ್ತು.

ಐವಿ ಹಾಕಿದರು. ಹೆಸರು ಹಿಡಿದು ಕರೆದರೂ ಸುಮಾ ತಿರುಗಲಿಲ್ಲ. ಎಚ್ಚರಾಗಿ ಮರಳಿ ಬರುವಾಕೆ ನನ್ನ ಮಗಳೋ, ಆ ಮೂಲೆಯವಳೋ ಎಂದು ಹೆದರುತ್ತ ಕುಳಿತೆ.

ಒಂದು ಬೆಳಿಗ್ಗೆ ಕಣ್ಣು ಬಿಟ್ಟಳು. “ಅವ್ವಾ, ನನ್ನ ಕೂಸೆಲ್ಲಿ? ಎದಿ ಬಿಗದಾವು.”

ನನ್ನ ಕೂಸು ಅಂದಳು! ವಾರ್ಡಿನಲ್ಲೇ ಅತ್ತೆ, ನಕ್ಕೆ. ಹುಬ್ಬಳ್ಳಿಗೆ ಟ್ರಂಕ್ ಕಾಲ್ ಹಚ್ಚಿ ಯಜಮಾನರಿಗೆ ಒದರಿದೆ: “ನನ್ನ ಕೂಸು ಅಂದ್ಳರೀ!”

ಮಧ್ಯಾಹ್ನ ಚೀನೀ ಅಜ್ಜಿ ನೋಡಲು ಬಂದಳು. ಅಷ್ಟರಲ್ಲಿ ನರ್ಸು ಬಾಣಂತಿಗೆ ಐಸ್‌ಕ್ರೀಮು ತಂದಿಟ್ಟಳು. ನಾನು ಅವಳ ಮುಖ ನೋಡಿದೆ, ಅವಳು ನನ್ನ ಮುಖ ನೋಡಿದಳು. ಇಬ್ಬರೂ ಬಾಯಿ ಮುಚ್ಚಿಕೊಂಡು ಕುಳಿತೆವು. ಸುಮಾ ಚಮಚ ನೆಕ್ಕುತ್ತಿದ್ದಳು.