ಟೇಕು ಕೊಟ್ಟ ಮೆಟ್ರೋ

ಇದು ಆಗುವ ಮಾತಲ್ಲ ಎಂದು ಮೊದಲು ಹೇಳಿದವನು ನಮ್ಮ ಮುಕಾದಮ. ಗೋವಾದ ಪರ್ವರಿಯಲ್ಲಿ ಏಳುತ್ತಿದ್ದ ಅಪಾರ್ಟ್‌ಮೆಂಟುಗಳಿಗೆ ವಾಸ್ಕೋದಿಂದ ಆಳು ಕಳಿಸುವವನು ಅವನೇ. ನನ್ನಪ್ಪ ಅವನ ಕೈಕೆಳಗೆ ಸೆಂಟ್ರಿಂಗ್ ಕೆಲಸ ಮಾಡುತ್ತಿದ್ದ. ಸ್ಲ್ಯಾಬ್ ಹಾಕುವ ಮುಂಚೆ ಹಲಗೆ ಹೊಡೆದು, ಅದು ಕುಸಿಯದಂತೆ ಕೆಳಗೆ ಕಟ್ಟಿಗೆಯ ಟೇಕು ಕೊಡುವುದು, ಕಾಂಕ್ರೀಟು ಗಟ್ಟಿಯಾದ ಮೇಲೆ ಅದನ್ನೆಲ್ಲ ಬಿಚ್ಚುವುದು ಅವನ ಉದ್ಯೋಗ. ನಾನು ಸಿವಿಲ್ ಇಂಜಿನಿಯರಿಂಗಿಗೆ ಸೇರಿದ ದಿನ ಮುಕಾದಮ ನಮ್ಮ ಖೋಲಿಯ ಬಾಗಿಲಲ್ಲಿ ನಿಂತು, "ಏ, ಸೆಂಟ್ರಿಂಗದಾಂವನ ಮಗಳು ಇಂಜಿನಿಯರ್ ಆಗೂದು ಇದ್ದದ್ದಾ? ಹಂಗಾದ್ರ ನಾಳಿ ಹಲಗಿ ಯಾರು ಹೊರಬೇಕಲೇ?" ಎಂದಿದ್ದ. ಅವನಿಗೆ ನನ್ನ ಭವಿಷ್ಯದ ಚಿಂತೆ ಇರಲಿಲ್ಲ, ಹಲಗೆಯ ಚಿಂತೆ ಇತ್ತು.

ಗಣಿತದಲ್ಲಿ ಎರಡು ಸಲ ಬಿದ್ದು ಎದ್ದು ಕೊನೆಯ ವರ್ಷಕ್ಕೆ ಬಂದೆ. ಅಷ್ಟರಲ್ಲಿ ಅವ್ವ ವಿಜಯಪುರದ ಕಡೆಯ ಒಬ್ಬ ವರನನ್ನು ನೋಡಿಟ್ಟಿದ್ದಳು. ಈ ವರ್ಷ ಪಾಸಾದರೆ ನಾನು ಹೇಳಿದ್ದು, ಆಗದಿದ್ದರೆ ಅವಳು ಹೇಳಿದ್ದು ಎಂದು ಮನೆಯಲ್ಲಿ ಮಾತಾಗಿತ್ತು. ಉಳಿದದ್ದು ಪ್ರಾಜೆಕ್ಟ್ ಒಂದೇ. ಬೈಕಿದ್ದವರೆಲ್ಲ ಬೈಕಿದ್ದವರ ಜೊತೆ ಗುಂಪು ಕಟ್ಟಿಕೊಂಡರು. ಬಸ್ಸಿಗೆ ಬರುವವಳು ನಾನೊಬ್ಬಳೇ ಉಳಿದೆ.

ಪಾವ್ ಸುತ್ತಿ ಬಂದ ಪೇಪರಿನಲ್ಲಿ ದಿಲ್ಲಿಯ ಮೆಟ್ರೋ ಚಿತ್ರವಿತ್ತು. ಸಾಲಾಗಿ ಕಂಬ, ಕಂಬದ ಮೇಲೆ ಹಾದಿ, ಹಾದಿಯ ಮೇಲೆ ರೈಲು. ನಾನು ಅದರ ಮಾದರಿ ಮಾಡುತ್ತೇನೆಂದೆ. ನಮ್ಮ ಗೈಡು ಧಾರವಾಡದವರು. ತರಗತಿಯಲ್ಲಿ ಇಂಗ್ಲಿಷು, ಕಾರಿಡಾರಿನಲ್ಲಿ ಯಾರೂ ಇಲ್ಲದಾಗ ಮಾತ್ರ ಕನ್ನಡ. ಆಚೀಚೆ ನೋಡಿ ಕೇಳಿದರು:

"ಅಲ್ಲವಾ, ಗೋವಾದಾಗ ಕೆಳಗಿನ ರೈಲs ಹೊತ್ತಿಗೆ ಬರೂದಿಲ್ಲ, ಮ್ಯಾಲಿಂದ ಯಾಕ ಬೇಕು?"

"ನೀವು ಮೆಟ್ರೋ ನೋಡೀರೇನ್ರಿ ಸರ್?"

"ನೋಡಬೇಕಂತೇನಿಲ್ಲ. ಸಿಲೆಬಸ್‌ನಾಗ ಐತಿ."

ಆಮೇಲೆ ಅವರು ಕಾಳಜಿಯಿಂದಲೇ ಒಂದು ದಾರಿ ತೋರಿಸಿದರು. ಬೆಳಗಾವಿಯ ಒಂದು ಅಂಗಡಿಯಲ್ಲಿ ಥರ್ಮಾಕೋಲಿನ ಸೇತುವೆ ಸಿದ್ಧವಾಗಿಯೇ ಸಿಗುತ್ತಿತ್ತು, ಬೈಂಡ್ ಮಾಡಿದ ವರದಿಯ ಸಮೇತ. ವಿದ್ಯಾರ್ಥಿ ತನ್ನ ಹೆಸರು ತಾನೇ ಬರೆದುಕೊಳ್ಳಬೇಕು, ಅಷ್ಟೇ ಶ್ರಮ. ಪರೀಕ್ಷೆ ಮುಗಿದ ಮೇಲೆ ಸೇತುವೆ ಅಂಗಡಿಗೆ ಮರಳಿ, ಬಣ್ಣ ಬದಲಿಸಿಕೊಂಡು ಮತ್ತೊಂದು ಕಾಲೇಜಿಗೆ ಹೋಗುತ್ತಿತ್ತು. ನಮಗಿಂತ ಹೆಚ್ಚು ಸಲ ಇಂಜಿನಿಯರಿಂಗ್ ಪಾಸಾದ ಸೇತುವೆ ಅದು.

ನಾನೇ ಥರ್ಮಾಕೋಲ್ ತಂದು ಖೋಲಿಯಲ್ಲಿ ಕೊಯ್ಯುತ್ತ ಕೂತೆ. ಕೆಲಸದಿಂದ ಬಂದ ಅಪ್ಪ ಬೆರಳಿಂದ ಒತ್ತಿದ. ತಗ್ಗು ಬಿತ್ತು.

"ಇದರ ಮ್ಯಾಲ ರೈಲು ಓಡಿಸ್ತೀಯೇನ ಯವ್ವಾ?"

"ಇದು ಬರೇ ತೋರಸಾಕ ಅಪ್ಪಾ."

"ತೋರಸೂದಂದ್ರ ಸುಳ್ಳ ತೋರಸೂದೇನು?"

ಮುಂದಿನ ರವಿವಾರ ಅಪ್ಪ ತನ್ನ ಜೊತೆಯ ಮೂರು ಮಂದಿಯನ್ನು ಕರೆತಂದ. ಖೋಲಿಯ ಮುಂದಿನ ಅಂಗಳದಲ್ಲಿ ಖಡಿ, ಉಸುಕು, ಸಿಮೆಂಟು ಬಿದ್ದವು. ಪೈಪಿನ ತುಂಡುಗಳನ್ನು ಅಚ್ಚು ಮಾಡಿ, ಒಳಗೆ ತಂತಿಯ ಪಂಜರ ಕಟ್ಟಿ, ಮೊಳದೆತ್ತರದ ಎಂಟು ಕಂಬ ಎರೆದರು. ಕಂಬದ ಮೇಲೆ ಆರು ಅಡಿ ಉದ್ದದ ಹಾದಿಗೆ ಹಲಗೆ ಹೊಡೆದರು, ಕೆಳಗೆ ಮೊಳದುದ್ದದ ಟೇಕು ಕೊಟ್ಟರು. ಕಾಂಕ್ರೀಟು ಸುರಿಯುವ ಮುಂಚೆ ಅರಿಷಿಣ ಕುಂಕುಮ ಹಚ್ಚಿ ಕಾಯಿ ಒಡೆದರು. ಸ್ಲ್ಯಾಬ್ ಹಾಕಿದ ದಿನ ಮಾಲಕರು ಆಳುಗಳಿಗೆ ಊಟ ಹಾಕುವುದು ಪದ್ಧತಿ. ಮಾಲಕಿ ಯಾರು ಎಂದು ಹುಡುಕಿದರೆ ನಾನೇ! ಅವ್ವ ಗೊಣಗುತ್ತಲೇ ಶಿರಾ ಮಾಡಿದಳು.

ಸ್ಲ್ಯಾಬ್ ಹಾಕಿದ ಒಂಬತ್ತನೆಯ ದಿನಕ್ಕೆ ಪರೀಕ್ಷೆ. ತೊಡಕು ಶುರುವಾದದ್ದು ಇಲ್ಲೇ. ಹಿಂದಿನ ದಿನ ಟೇಕು ತೆಗೆಯಲು ಹೋದರೆ ಅಪ್ಪ ಕೈ ಹಿಡಿದ.

"ಹದಿನಾಕು ದಿನ."

"ಇಷ್ಟು ಸಣ್ಣ ಸ್ಲ್ಯಾಬಿಗೆ ಏಳು ದಿನ ಸಾಕಂತ ಪುಸ್ತಕದಾಗ ಐತಿ ಅಪ್ಪಾ."

"ಪುಸ್ತಕ ಬರದಾಂವ ಎಂದರ ಸ್ಲ್ಯಾಬಿನ ಕೆಳಗ ಮಕ್ಕೊಂಡಾನೇನು? ಏಳನೇ ದಿನಕ್ಕ ಬಿಚ್ರಿ ಅಂತ ಮುಕಾದಮ ಗಡಿಬಿಡಿ ಮಾಡಿದಾಗ ನನ್ನ ಜೋಡಿದಾಂವ ಕಾಲು ಕಳಕೊಂಡ. ಹದಿನಾಕು ಅಂದ್ರ ಹದಿನಾಕು."

"ಟೇಕು ಇಟಗೊಂಡು ಹೋದ್ರ ಫೇಲ್ ಮಾಡ್ತಾರ. ಆಮ್ಯಾಗ ನನ್ನ ವಿಜಯಪುರಕ್ಕ ಕಳಸೂದs."

ಅಪ್ಪ ಒಂದು ಟೇಕನ್ನು ಅಲುಗಿಸಿ ನೋಡುತ್ತ, "ಫೇಲಾದ್ರ ನೋಡೂಣು. ಬಿದ್ರ ಏನ್ ಮಾಡ್ತಿ?" ಎಂದ. ಬೀಳುವುದಾದರೂ ಏನು, ಟೇಪ್‌ರೆಕಾರ್ಡರಿನ ಮೋಟಾರಿಂದ ಓಡುವ ಬಿಸ್ಕೀಟು ಡಬ್ಬಿಯ ರೈಲು! ಆದರೆ ಅಪ್ಪನಿಗೆ ಸ್ಲ್ಯಾಬಿನಲ್ಲಿ ಸಣ್ಣದು ದೊಡ್ಡದು ಇರಲಿಲ್ಲ.

ಹೀಗೆ ನನ್ನ ಮೆಟ್ರೋ ಸೆಂಟ್ರಿಂಗ್ ಸಮೇತ ಟೆಂಪೋ ಹತ್ತಿತು. ನಾಲ್ವರು ಅದನ್ನು ಹೆಗಲ ಮೇಲೆ ಹೊತ್ತು ಎರಡನೆಯ ಮಹಡಿಗೆ ಏರಿಸಿದಾಗ ಯಾರೋ ಸತ್ತಿದ್ದಾರೆಂದು ಜವಾನ ಎದ್ದು ನಿಂತ. ಗೈಡು ಕಾರಿಡಾರಿನಲ್ಲಿ ಜನರಿರುವುದನ್ನೂ ಮರೆತು ಕನ್ನಡದಲ್ಲೇ ಕೂಗಿದರು.

"ಏನವಾ ಇದು! ಆ ಕಟಗಿ ತಗೀರಿ ಮೊದಲ!"

"ತಗ್ಯಾಂಗಿಲ್ರಿ ಸಾಹೇಬ್ರ," ಎಂದ ಅಪ್ಪ, "ಇನ್ನಾ ಐದು ದಿನ ಐತಿ."

ಪರೀಕ್ಷಕರು ಬಂದರು. ಅವರೂ ಆ ಅಂಗಡಿಯಿದ್ದ ಬೆಳಗಾವಿಯವರೇ. ಮೊದಲ ಮೇಜಿನ ಥರ್ಮಾಕೋಲ್ ಸೇತುವೆಯನ್ನು ಕಂಡು ಹಳೆಯ ನೆಂಟನನ್ನು ಕಂಡಂತೆ ನಕ್ಕರು. "ಹ್ವಾದ ವರ್ಷ ನೀಲಿ ಬಣ್ಣ ಇತ್ತಲ್ಲ?" ಬೈಕಿನ ಗುಂಪು ಒಬ್ಬರ ಮುಖ ಒಬ್ಬರು ನೋಡಿತು. ಚಹಾ ಬಂತು. ಕಪ್ಪು ಇಡಲು ಜಾಗ ಹುಡುಕಿದರು. ಥರ್ಮಾಕೋಲಿನ ಮೇಲೆ ಇಡುವಂತಿರಲಿಲ್ಲ. ನನ್ನ ಮೆಟ್ರೋ ಹಾದಿಯ ಮೇಲೆ ಕಪ್ಪನ್ನೂ ಚೀಲವನ್ನೂ ಇಟ್ಟು, ಮೊಣಕೈ ಊರಿ, ಮಿಕ್ಕವರನ್ನೆಲ್ಲ ಅಲ್ಲಿಂದಲೇ ವಿಚಾರಿಸಿದರು. ಅಷ್ಟೂ ಹೊತ್ತು ನನ್ನ ಪ್ರಾಜೆಕ್ಟ್ ಅವರ ಲೆಕ್ಕದಲ್ಲಿ ಮೇಜು.

ಎಲ್ಲ ಮುಗಿದ ಮೇಲೆ, "ಇನ್ನ ಯಾರರ ಉಳಿದಾರೇನು?" ಎಂದರು.

"ನಾನ್ರಿ ಸರ್. ಕಪ್ಪು ತಗೀರಿ, ರೈಲು ಬರ್ತೈತಿ."

ಸ್ವಿಚ್ ಒತ್ತಿದೆ. ಡಬ್ಬಿ ರೈಲು ಗಡಗಡ ಎಂದು ಹೊರಟು, ನಾನು ನಿಲ್ದಾಣ ಇಡದ ಕಡೆಯೂ ಒಂದು ಸಲ ನಿಂತು ಯೋಚಿಸಿ, ಕಡೆಯ ಕಂಬ ಮುಟ್ಟಿತು. ಪರೀಕ್ಷಕರು ಬಗ್ಗಿ ಕೆಳಗೆ ನೋಡಿದರು.

"ಈ ಟೇಕು ಯಾಕ?"

ಗೈಡು ಕಣ್ಣು ಮುಚ್ಚಿಕೊಂಡರು. ಸುಳ್ಳೊಂದು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಬಾಗಿಲಲ್ಲಿ ಅಪ್ಪ ನಿಂತಿದ್ದ.

"ಪುಸ್ತಕದಾಗ ಏಳು ದಿನ ಐತ್ರಿ ಸರ್. ನಮ್ಮಪ್ಪ ಹದಿನಾಕು ಅಂತಾನ. ಇವತ್ತ ಒಂಬತ್ತು."

"ನೀ ಯಾರ ಮಾತು ನಂಬತಿ?"

"ಪುಸ್ತಕ ತಾಜಾ ಸಿಮೆಂಟಿಗೆ, ಅಳತಿ ನೀರಿಗೆ ಬರದದ್ರಿ. ನಮ್ಮ ಸೈಟಿನ್ಯಾಗ ಸಿಮೆಂಟು ಗೋವಾದ ಹಸಿ ಹವಾಕ್ಕ ಚೀಲದಾಗs ಗಟ್ಟಿಯಾಗಿರ್ತೈತಿ. ಲಗೂ ಹರೀಲಿ ಅಂತ ನೀರು ಹೆಚ್ಚಿಗಿ ಸುರೀತಾರ. ನಮ್ಮಪ್ಪ ಇನ್ನೇಳು ದಿನ ಅದಕ್ಕs ಕೂಡಿಸ್ಯಾನ್ರಿ."

ಇದು ನಾನು ಓದಿದ್ದಲ್ಲ. ಹೇಳುವಾಗಲೇ ತಿಳಿದದ್ದು. ಪರೀಕ್ಷಕರು ಇನ್ನೂ ನಾಲ್ಕು ಪ್ರಶ್ನೆ ಕೇಳಿದರು. ಮೂರಕ್ಕೆ ಉತ್ತರ ಬಂತು. ಹೋಗುವಾಗ ಗೈಡಿಗೆ, "ಈಕಿ ಒಬ್ಬಾಕಿ ಖರೇ ಮಾಡ್ಯಾಳ್ರಿ," ಎಂದರು. ಗೈಡು ಆ ಕ್ಷಣದಿಂದಲೇ ಅದು ತಮ್ಮದೇ ಕಲ್ಪನೆ ಎಂದು ಇಂಗ್ಲಿಷಿನಲ್ಲಿ ವಿವರಿಸತೊಡಗಿದರು.

ಹದಿನಾಲ್ಕನೆಯ ದಿನ ಅಪ್ಪ ಅರ್ಧ ದಿನದ ಹಾಜರಿ ಬಿಟ್ಟು, ಪರ್ವರಿಯಿಂದ ಎರಡು ಬಸ್ಸು ಬದಲಿಸಿ ಕಾಲೇಜಿಗೆ ಬಂದ. ಜವಾನನಿಗೆ ನಮಸ್ಕಾರ ಹೇಳಿ, ಸುತ್ತಿಗೆ ತೆಗೆದು, ಒಂದೊಂದೇ ಟೇಕು ಬಡಿದು ಬಿಚ್ಚಿದ. ಸ್ಲ್ಯಾಬು ನಿಂತಿತು. ಟೇಕುಗಳನ್ನು ಚೀಲಕ್ಕೆ ತುಂಬಿಕೊಂಡು ಹೋದ.

ಫಲಿತಾಂಶದಲ್ಲಿ ಸೆಕೆಂಡ್ ಕ್ಲಾಸ್ ಬಂತು. ಅವ್ವ ವಿಜಯಪುರಕ್ಕೆ ತಾನೇ ಫೋನು ಮಾಡಿ, "ಹುಡುಗಿ ಒಲ್ಲೆ ಅಂತಾಳ್ರಿ, ಇಂಜಿನಿಯರ್ ಆಗ್ಯಾಳ," ಎಂದಳು. ಆ ಎರಡನೆಯ ಮಾತನ್ನು ಬೇಕಂತಲೇ ಜೋರಾಗಿ ಹೇಳಿದಳು. ಮುಕಾದಮನ ಖೋಲಿ ನಮ್ಮ ಗೋಡೆಗೆ ಅಂಟಿಕೊಂಡೇ ಇತ್ತು.

ಪದವಿ ಪ್ರಮಾಣಪತ್ರ ಕೊಡುವ ದಿನ ಅಪ್ಪನೂ ಬಂದ. ಗುಮಾಸ್ತ ಲ್ಯಾಬಿನಲ್ಲಿ ನನ್ನ ವಸ್ತು ಏನೂ ಉಳಿದಿಲ್ಲವೆಂಬ ಚೀಟಿ ಕೇಳಿದ. ಮೆಟ್ರೋ ಅಲ್ಲೇ ಇದೆ, ಹೊರಲು ನಾಲ್ಕು ಜನ ಬೇಕು ಎಂದೆ. ಅವನು ಒಳಗೆ ಹೋಗಿ, ಅದನ್ನು ನೋಡಿ ಬಂದು, ಏನೂ ಉಳಿದಿಲ್ಲ ಎಂದು ಬರೆದು ಕಿಟಕಿಯಿಂದ ಪ್ರಮಾಣಪತ್ರ ಚಾಚಿದ.

ಅಪ್ಪ ಅದನ್ನು ಎರಡೂ ಕೈಯಲ್ಲಿ ಹಿಡಿದ. ಕೆಳಗಿನ ಮೂಲೆಯ ಸಹಿಯ ಮೇಲೆ ಅವನ ಕಣ್ಣು ನಿಂತಿತು.

"ಇನ್ನಮ್ಯಾಲ ಟೇಕು ಬಿಚ್ರಿ ಅಂತ ನೀನೂ ಹಿಂಗ ಸಹಿ ಹಾಕಾಕಿ, ಹೌದಿಲ್ಲೋ? ಹಾಕೂಕಿಂತ ಮೊದಲ ಸ್ಲ್ಯಾಬಿನ ಕೆಳಗ ಒಮ್ಮಿ ಬಗ್ಗಿ ನೋಡು ಯವ್ವಾ. ನಾ ಅಲ್ಲೇ ಇರ್ತೀನಿ."