ಹುಣಸೆ ಬೀಜದ ಪಾಠ

ನಡುವೆ ಕುಳಿತ ಹುಡುಗಿಯ ಅಂಗೈಯಲ್ಲಿ ಮಾತ್ರ ಹುಣಸೆ ಬೀಜ ಇರಲಿಲ್ಲ. ಉಳಿದವರು ಒಂದೊಂದು ಬೀಜ ಹಿಡಿದು ಸಾಲಾಗಿ ಕುಳಿತಿದ್ದರು.

ಹರಿಹರದ ನಮ್ಮ ಮನೆಯ ಪಡಸಾಲೆಯಲ್ಲಿ ಅಪ್ಪ ವಿದ್ಯುತ್ತಿನ ಪಾಠ ಶುರು ಮಾಡುತ್ತಿದ್ದದ್ದು ಹೀಗೆ. ಕಾಲೇಜಿನಿಂದ ನಿವೃತ್ತರಾದ ಮೇಲೂ ಭಾನುವಳ್ಳಿ ಕಡೆಯ ಪಿಯುಸಿ ಮಕ್ಕಳಿಗೆ ಸಂಜೆ ಭೌತಶಾಸ್ತ್ರ ಹೇಳಿಕೊಡುತ್ತಿದ್ದರು. ಬಲಗಡೆಯವರು ತಮ್ಮ ಬೀಜವನ್ನು ಪಕ್ಕದ ಖಾಲಿ ಅಂಗೈಗೆ ಹಾಕಬೇಕು. ಬೀಜಗಳು ಎಡಕ್ಕೆ ಸರಿದಂತೆ ಖಾಲಿ ಜಾಗ ಬಲಕ್ಕೆ ಸರಿಯುತ್ತದೆ. ಬೀಜವೇ ಎಲೆಕ್ಟ್ರಾನು; ಖಾಲಿ ಜಾಗ ಹೋದ ದಿಕ್ಕೇ ಪುಸ್ತಕ ಹೇಳುವ ಕರೆಂಟಿನ ದಿಕ್ಕು, ಬೀಜಕ್ಕೆ ಉಲ್ಟಾ. "ಎಲೆಕ್ಟ್ರಾನ್ ಸಿಗೋಕೆ ಮುಂಚೇನೇ ದಿಕ್ಕು ಗೊತ್ತು ಮಾಡಿಬಿಟ್ರು. ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸಿದಂಗೆ," ಎನ್ನುತ್ತಿದ್ದರು. ನಾನೂ ಅದೇ ಸಾಲಿನಲ್ಲಿ ಕುಳಿತು ಕಲಿತವಳು.

ಅವರಿಗೆ ಮರೆವು ಹೆಚ್ಚುತ್ತಿತ್ತು. ದಾವಣಗೆರೆಯ ಡಾಕ್ಟರು ಇದು ವಾಸಿಯಾಗುವಂಥದ್ದಲ್ಲ ಎಂದಿದ್ದರು. ಅಂಗಡಿಗೆ ಹೋದವರು ಬರಿಗೈಯಲ್ಲಿ ಬರುತ್ತಿದ್ದರು. ಪಾಠ ಮಾತ್ರ ತಪ್ಪಿರಲಿಲ್ಲ. ಅದೊಂದು ಅವರಿಗೆ ಉಳಿಯಲಿ ಎಂದುಕೊಂಡಿದ್ದೆ. ದಾವಣಗೆರೆಯಲ್ಲಿ ಕೆಲಸ ಮುಗಿಸಿ ಮನೆಗೆ ಬಂದಾಗ, ಚಪ್ಪಲಿ ಬಿಡುವ ಮೊದಲೇ ಪಡಸಾಲೆಯ ದನಿಗೆ ಕಿವಿಗೊಡುತ್ತಿದ್ದೆ.

ಆ ಸಂಜೆ ಬೀಜಗಳೆಲ್ಲ ಸರಿದ ಮೇಲೆ ಅಪ್ಪ, "ನೋಡ್ರಿ, ಬೀಜ ಹೋದ ಕಡೆಗೇ ಕರೆಂಟು," ಎಂದರು.

"ಉಲ್ಟಾ ಅಲ್ಲೇನ್ರಿ ಸರ್?" ಎಂದಳು ನಡುವಿನ ಹುಡುಗಿ.

"ಯಾರು ಹೇಳಿದ್ರವ್ವ ನಿನಗೆ?"

"ನೀವೇ ರೀ ಸರ್, ಮೊನ್ನೆ."

"ಆಗ ಕೈ ಖಾಲಿ ಇತ್ತಲ್ಲ, ಹಂಗೇ ತಲೆನೂ ಖಾಲಿ ಐತೇನು?"

ಮಕ್ಕಳು ನಕ್ಕರು. ಆಮೇಲೆ ಒಬ್ಬೊಬ್ಬರೇ ನಗು ನಿಲ್ಲಿಸಿ ತಮ್ಮ ಪುಸ್ತಕ ನೋಡಿಕೊಂಡರು. ಅಪ್ಪ ಬಾಗಿಲಲ್ಲಿದ್ದ ನನ್ನ ಕಡೆ ತಿರುಗಿದರು.

"ನೀ ಹೇಳವ್ವ. ಯಾವ ಕಡೆ?"

ಅವರನ್ನು ಉಳಿಸುವ ಉತ್ತರ ನನ್ನ ಬಾಯಲ್ಲೇ ಇತ್ತು. ಆದರೆ ಹಾಗೆಂದರೆ ಮಕ್ಕಳು ಅದನ್ನೇ ಪರೀಕ್ಷೆಯಲ್ಲಿ ಬರೆದುಬಿಡುತ್ತಿದ್ದರು.

"ಉಲ್ಟಾ, ಅಪ್ಪ," ಎಂದೆ.

ಅಪ್ಪ ಮಕ್ಕಳ ಅಂಗೈಗಳಿಂದ ಬೀಜಗಳನ್ನು ವಾಪಸ್ ತೆಗೆದುಕೊಂಡರು. ಮಕ್ಕಳು ಹೋದ ಮೇಲೆ, "ಇನ್ನು ಬರಬ್ಯಾಡ್ರಿ ಅಂತ ಹೇಳಿಬಿಡು. ನಂಗೆ ಹೇಳಾಕೆ ಆಗಲ್ಲ," ಎಂದರು.

"ಒಂದ್ಸಲ ತಪ್ಪಿತು, ಅಷ್ಟೇ ಅಲ್ಲೇನಪ್ಪ?"

"ನೀ ಹೇಳೋತನಕ ಅದು ತಪ್ಪು ಅಂತ ನಂಗೆ ಅನಿಸಲೇ ಇಲ್ಲವ್ವ."



ಮರುದಿನ ಬೆಳಿಗ್ಗೆ ನಿಲ್ದಾಣದಲ್ಲಿ ಭಾನುವಳ್ಳಿ ಬಸ್ಸಿಗೆ ಕಾದು ನಿಂತೆ. ಮಕ್ಕಳು ಇಳಿದ ಮೇಲೆ, ಸರ್ ಇನ್ನು ಪಾಠ ಹೇಳುವುದಿಲ್ಲ ಎಂದು ತಿಳಿಸಿದೆ. ಆ ಹುಡುಗಿ ತನ್ನಿಂದಲೇ ಹೀಗಾಯಿತೆಂದು ಅಳತೊಡಗಿದಳು. ನಿನ್ನಿಂದಲ್ಲ ಎಂದು ಹೇಳುತ್ತ ಅವಳನ್ನು ಕಾಲೇಜಿನ ಗೇಟಿನವರೆಗೆ ಬಿಟ್ಟು ಬಂದು, ದಾವಣಗೆರೆ ಬಸ್ಸು ಹತ್ತಿದೆ.