ಒಡೆಯದ ನಂಬರು

ಎಂ.ಎಸ್ಸಿ. ಗಣಿತ ಓದುವಾಗ ನನ್ನ ಮೊಬೈಲ್ ನಂಬರು ಅವಿಭಾಜ್ಯ ಸಂಖ್ಯೆ ಎಂದು ಗೊತ್ತಾಯಿತು. ಒಂದು ಮತ್ತು ತಾನು, ಇವೆರಡನ್ನು ಬಿಟ್ಟರೆ ಯಾವುದರಿಂದಲೂ ಶೇಷವಿಲ್ಲದೆ ಭಾಗವಾಗದ ಸಂಖ್ಯೆ. ಹತ್ತು ಅಂಕಿಯದನ್ನು ಪರೀಕ್ಷಿಸಲು ಅದರ ವರ್ಗಮೂಲದ ತನಕ, ಅಂದರೆ ಸುಮಾರು ಒಂದು ಲಕ್ಷದ ತನಕ ಇರುವ ಅವಿಭಾಜ್ಯಗಳಿಂದ ಭಾಗಿಸಿ ನೋಡಿದರೆ ಸಾಕು. ಲ್ಯಾಬಿನ ಕಂಪ್ಯೂಟರು ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಉತ್ತರ ಕೊಟ್ಟಿತು. ಅವತ್ತು ಹಾಸ್ಟೆಲ್ ತುಂಬ ಹೇಳಿಕೊಂಡು ಓಡಾಡಿದೆ. ಚಿನ್ನದ ಸರ ಸಿಕ್ಕಿದ್ದರೂ ಅಷ್ಟು ಮೆರೆಯುತ್ತಿರಲಿಲ್ಲ.

ಮದುವೆಯಾಗಿ ಹೊರ್ತಿಯಿಂದ ಇಂಡಿಗೆ ಬಂದೆ. ಗಂಡನದು ನಿಂಬೆಹಣ್ಣಿನ ವ್ಯಾಪಾರ. ಆ ಮನೆಯಲ್ಲಿ ಬೈಕು, ಪಿಕಪ್ ಗಾಡಿ, ಫೋನು ಯಾವುದೇ ಇರಲಿ, ನಂಬರಿನ ಅಂಕಿಗಳನ್ನು ಕೂಡಿಸುತ್ತಾ ಹೋದರೆ ಕೊನೆಗೆ ಒಂಬತ್ತೇ ಉಳಿಯಬೇಕು. ಆ ವರ್ಷ ನಿಂಬೆಯ ದರ ನೆಲ ಕಚ್ಚಿತು. ತಪ್ಪು ನನ್ನ ನಂಬರಿನದಾಯಿತು.

"ನಿಂದು ಕೂಡಿಸಿದ್ರ ಎಂಟು ಬರತೈತಿ. ಎಂಟು ಅಂದ್ರ ಶನಿದು. ತಗದ ಒಗಿ," ಎಂದರು ಗಂಡ.

"ಒಂಬತ್ತು ಬರೋ ನಂಬರ್ ಯಾವುದಿದ್ರೂ ಒಂಬತ್ತರಿಂದ ಒಡದ ಹೋಗತೈತ್ರಿ. ನಂದು ಯಾವುದಕ್ಕೂ ಒಡಿಯಂಗಿಲ್ಲ."

"ಒಡದ್ರ ಏನಾತು? ಮನಿತನ ಅಂದಮ್ಯಾಲ ಹೊಂದಕೊಂಡ ಇರಬೇಕು. ನಿನ್ನಂಗ ಗೂಟದಂಗ ನಿಲ್ಲೂದಲ್ಲ."

ನಾನಾಗ ಸಿಂದಗಿಯ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿ. ಪಿಎಚ್.ಡಿ.ಗೆ ಅರ್ಜಿ ಹಾಕಿ, ಕಾಯುವ ಪಟ್ಟಿಯಲ್ಲಿ ಮೊದಲಿದ್ದೆ. ಸೀಟು ಖಾಲಿಯಾದರೆ ಮೊದಲು ನನಗೇ ಫೋನು ಬರಬೇಕಿತ್ತು, ಪ್ರವೇಶ ಆ ವಾರವೇ ಮುಗಿಯುವುದಿತ್ತು. "ಇದೊಂದು ವಾರ ತಡೀರಿ, ಆಮ್ಯಾಲ ನೀವು ಹೇಳಿದಂಗ ಕೇಳ್ತೇನಿ," ಎಂದು ಅಂಗಲಾಚಿದೆ. ಅವರು ಹೂಂ ಅಂದರು.

ಎರಡು ದಿನದ ಮೇಲೆ ಕ್ಲಾಸು ಮುಗಿಸಿ ಬಂದರೆ ಫೋನಿನಲ್ಲಿ ಸಿಗ್ನಲ್ ಇಲ್ಲ. ಟವರಿನ ತೊಂದರೆ ಎಂದುಕೊಂಡೆ. ಸಂಜೆ ಗಂಡ ಕುಂಕುಮ ಹಚ್ಚಿದ ಹೊಸ ಸಿಮ್ ಕೈಗಿಟ್ಟರು. ನನ್ನ ಹಳೆಯ ಸಿಮ್ ಇದ್ದದ್ದು ಅಪ್ಪನ ಹೆಸರಿನಲ್ಲಿ. ಅಳಿಯ ಒಂದು ಮಾತು ಹೇಳಿದ್ದಕ್ಕೆ ಅಪ್ಪ ಅಂಗಡಿಗೆ ಹೋಗಿ ಬಂದ್ ಮಾಡಿಸಿದ್ದ. ನನ್ನನ್ನು ಒಂದು ಮಾತೂ ಕೇಳಿರಲಿಲ್ಲ.

ಫೋನು ಮಾಡಿ ಕೇಳಿದರೆ, "ನಂಬರಿನ್ಯಾಗ ಏನೈತಿ ಯವ್ವಾ?" ಎಂದ ಅಪ್ಪ.

ಮರುದಿನ ಬೆಳಿಗ್ಗೆ ಹೊಸ ನಂಬರಿನಿಂದ ವಿಶ್ವವಿದ್ಯಾಲಯಕ್ಕೆ ಫೋನು ಹಚ್ಚಿದೆ.

"ನಿನ್ನಿ ಮಧ್ಯಾಹ್ನದಿಂದ ನಿಮಗ ಹಚ್ಚಾಕತ್ತಿದ್ವಿರಿ, ಹತ್ತಲಿಲ್ಲ. ಕಡೇ ದಿನ ಇತ್ತು, ಮುಂದಿನವ್ರಿಗೆ ಕೊಟ್ಟಬಿಟ್ವಿರಿ."

ಗಂಡನಿಗೆ ಹೇಳಿದೆ. ಅವರು ರೊಟ್ಟಿ ಮುರಿಯುವುದನ್ನು ನಿಲ್ಲಿಸಲಿಲ್ಲ. "ಹೋಗ್ಲಿ ಬಿಡು. ನಿಂಬಿ ದರ ಏರೇತಿ ನೋಡು," ಎಂದರು. ಮುಂದಿನ ವರ್ಷ ದರ ಮತ್ತೆ ಬಿತ್ತು. ಆಗ ಅಂಗಡಿಯ ಬಾಗಿಲಿನ ದಿಕ್ಕು ಸರಿಯಿಲ್ಲ ಎಂದರು. ನನಗೆ ಅವರ ಮೇಲೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಅಪ್ಪನ ಮೇಲಿನದು ಅದಕ್ಕಿಂತ ಹೆಚ್ಚು.

ಮೊನ್ನೆ ಹಳೆಯ ನಂಬರಿಗೆ ಫೋನು ಮಾಡಿದೆ. ಯಾರೋ ಗಂಡಸು ಎತ್ತಿ, "ಯಾರ್ರಿ?" ಎಂದ. ಕಟ್ ಮಾಡಿದೆ. ಆ ನಂಬರು ಇವತ್ತಿಗೂ ಅವಿಭಾಜ್ಯವೇ. ಅವನಿಗೆ ಅದು ಗೊತ್ತಿಲ್ಲ. ಗೊತ್ತಿದ್ದ ನನಗೆ ದಕ್ಕಲಿಲ್ಲ.